ಕೊನೆಯ ತೂಬಿನ ನೀರು

ಬರದ ಸೀಮೆಯವರಿಗೆ ಯಾವ ಮಾತೂ ಕೊನೆಗೆ ನೀರಿನ ಮಾತೇ ಆಗಿಬಿಡುತ್ತದೆ. ನಾನಿಲ್ಲಿ ಬರೆಯ ಹೊರಟಿರುವುದು ಕಂಪ್ಯೂಟರಿನ ಬೆನ್ನಿಗಿರುವ ಚಿಕ್ಕ ಕಿಂಡಿಗಳ ಬಗ್ಗೆ. ಯು.ಎಸ್.ಬಿ. ಎಂದು ಎಲ್ಲರೂ ಕರೆಯುವ ಆ ಕಿಂಡಿಗಳಲ್ಲಿ ಹರಿಯುವ ವಿದ್ಯುತ್ತಿಗೆ ಒಂದು ಮಿತಿ ಉಂಟು. ಆ ಮಿತಿಯ ಲೆಕ್ಕ ಇಡುವ ಒಂದು ತಂತ್ರಾಂಶವೂ ಉಂಟು. ಆದರೂ ಮಾತು ಕಾಲುವೆಯ ದಂಡೆಯಿಂದಲೇ ಶುರುವಾಗಬೇಕು. ಬಿ.ಎ.ಗೆ ಇತಿಹಾಸ ಓದಿದ ಬ್ಯಾಂಕ್ ಗುಮಾಸ್ತನಿಗೆ ಆಂಪಿಯರ್, ವೋಲ್ಟ್‌ಗಳ ಪರಿಚಯ ಹೈಸ್ಕೂಲಿಗೇ ಮುಗಿದಿರುತ್ತದೆ. ನೀರಿನ ಸರದಿ ಮಾತ್ರ ಹುಟ್ಟಿದಾಗಿನಿಂದ ಗೊತ್ತಿರುತ್ತದೆ.

ಕಾಸರಗೋಡಿನ ಓದುಗರಿಗೆ ನಮ್ಮ ಸೀಮೆಯ ಪರಿಚಯ ಎರಡು ಮಾತಿನಲ್ಲಿ ಹೇಳಿಬಿಡುತ್ತೇನೆ. ನಿಮಗೆ 1956ರ ನವೆಂಬರ್ 1 ಹೇಗೋ, ನಮಗೆ 1953ರ ಅಕ್ಟೋಬರ್ 1 ಹಾಗೆ. ಅಂದು ಆಂಧ್ರ ರಾಜ್ಯ ಹುಟ್ಟಿತು. ಮದರಾಸು ಪ್ರಾಂತದಲ್ಲಿದ್ದ ಬಳ್ಳಾರಿ ಜಿಲ್ಲೆ ಒಡೆಯಿತು. ಬಳ್ಳಾರಿಯ ಕಡೆಯ ತಾಲೂಕುಗಳು ಮೈಸೂರಿಗೆ ಸೇರಿದವು. ಆದವಾನಿ, ಆಲೂರು, ರಾಯದುರ್ಗ ಆಂಧ್ರಕ್ಕೆ ಉಳಿದವು. ರಾಯದುರ್ಗ ಅನಂತಪುರ ಜಿಲ್ಲೆಗೂ, ಆದವಾನಿ, ಆಲೂರುಗಳು ಕರ್ನೂಲು ಜಿಲ್ಲೆಗೂ ಹೋದವು. 2022ರ ಏಪ್ರಿಲ್‌ನಲ್ಲಿ ನಂದ್ಯಾಲ ಬೇರೆ ಜಿಲ್ಲೆಯಾದ ಮೇಲೂ ನಾವು ಕರ್ನೂಲಿನ ಪಶ್ಚಿಮದ ಅಂಚಿನವರಾಗಿಯೇ ಇದ್ದೇವೆ. ಆದವಾನಿ, ಆಲೂರು, ಹೊಳಗುಂದ, ಕೌತಾಳ, ಕೋಸಿಗಿ, ಮಂತ್ರಾಲಯ ಎನ್ನುತ್ತಾ ಹೋದರೆ ಆ ಅಂಚಿನ ಗೆರೆ ಸಿಗುತ್ತದೆ. ಕನ್ನಡನಾಡಿನವರು ನಮ್ಮ ಕಡೆಗೆ ಬರುವುದು ಮಂತ್ರಾಲಯದ ರಾಯರ ದರ್ಶನಕ್ಕೆ. ಬಂದವರಿಗೆ ಅಂಗಡಿಯಲ್ಲಿ ಕನ್ನಡ ಕೇಳಿಸಿದರೆ, ಯಾತ್ರಿಕರಿಗಾಗಿ ಕಲಿತಿದ್ದಾರೆ ಎಂದುಕೊಳ್ಳುತ್ತಾರೆ. ಅದು ಕಲಿತ ಕನ್ನಡವಲ್ಲ, ಮನೆಯ ಕನ್ನಡ.

ಎರೆಭೂಮಿ ನಮ್ಮದು. ಹತ್ತಿ, ಶೇಂಗಾ, ಜೋಳ. ಮಳೆ ಕೈಕೊಟ್ಟ ವರ್ಷ ಊರಿಗೆ ಊರೇ ಮೆಣಸಿನಕಾಯಿ ಬಿಡಿಸಲು ಗುಂಟೂರಿನ ಕಡೆಗೆ, ಕಟ್ಟಡದ ಕೆಲಸಕ್ಕೆ ಬೆಂಗಳೂರಿಗೆ ಗುಳೆ ಹೋಗುತ್ತದೆ. ಹೊಸಪೇಟೆಯ ಅಣೆಕಟ್ಟಿನಿಂದ ತುಂಗಭದ್ರೆಯ ಬಲದಂಡೆ ಕೆಳಮಟ್ಟದ ಕಾಲುವೆ ಹೊರಟು, ಬಳ್ಳಾರಿ ಜಿಲ್ಲೆಯನ್ನು ದಾಟಿ ನಮ್ಮ ಕಡೆಗೆ ಬರುತ್ತದೆ. ಕಾಗದದ ಮೇಲೆ ನಮ್ಮ ಪಾಲು ಎಷ್ಟೆಂದು ಬರೆದಿದೆ. ಅದನ್ನು ಹಂಚಲು ತುಂಗಭದ್ರಾ ಮಂಡಳಿಯೇ ಇದೆ. ಆದರೆ ಕಾಲುವೆಯ ಕೊನೆಯ ಹೊಲದವನಿಗೆ ಮೊದಲು ಗೊತ್ತಾಗುವುದು ಕಾಗದದ ಅಂಕಿಯಲ್ಲ, ತೂಬಿನ ಬಾಯಲ್ಲಿ ಒಣಗಿದ ಪಾಚಿ.

ಊರಿನ ಕೆರೆಗೆ ಹಿಂದೆ ಒಬ್ಬ ನೀರಗಂಟಿ ಇರುತ್ತಿದ್ದ. ಸುರಂಗ ತೋಡಿ ನೀರು ತರುವ ನಿಮ್ಮ ಕಡೆ ಈ ಹೆಸರು ಬಳಕೆಯಲ್ಲಿ ಇರಲಿಕ್ಕಿಲ್ಲ. ತೂಬು ಎತ್ತಿ ಇಳಿಸುವುದು ಅವನ ಕೆಲಸ. ಯಾರದು ಎಷ್ಟು ಎಕರೆ, ಯಾವ ಬೆಳೆ, ಯಾರಿಗೆ ಎಷ್ಟು ಹೊತ್ತು ನೀರು ಎಂಬ ಲೆಕ್ಕ ಅವನ ತಲೆಯಲ್ಲಿರುತ್ತಿತ್ತು. ಒಂದು ಮಾತು ಇಲ್ಲಿ ನೆನಪಿಡಬೇಕು. ನೀರಗಂಟಿ ನೀರನ್ನು ಅಳೆಯುತ್ತಿರಲಿಲ್ಲ. ರೈತ ಹೇಳಿದ ಎಕರೆಯನ್ನು ನಂಬಿ ಸರದಿ ಕಟ್ಟುತ್ತಿದ್ದ. ಹೇಳಿದವನು ಸುಳ್ಳು ಹೇಳಿದರೆ, ಹೇಳದೆಯೇ ರಾತ್ರಿ ಬದು ಒಡೆದರೆ, ಲೆಕ್ಕ ಸರಿಯಾಗಿಯೇ ಇರುತ್ತಿತ್ತು. ಕೊನೆಯ ಹೊಲ ಮಾತ್ರ ಒಣಗುತ್ತಿತ್ತು.

ಈಗ ಕಂಪ್ಯೂಟರಿಗೆ ಬರೋಣ. ನನ್ನ ಕೌಂಟರಿನಲ್ಲಿ ಒಂದು ಕಂಪ್ಯೂಟರು, ಕೀಲಿಮಣೆ, ಮೌಸು, ಖಾತೆದಾರರ ಫೋಟೋ ಹಿಡಿಯುವ ಪುಟ್ಟ ಕ್ಯಾಮೆರಾ, ಬೆರಳಚ್ಚಿನ ಯಂತ್ರ ಇವೆ. ಪಾಸ್‌ಬುಕ್ ಮುದ್ರಿಸುವ ಪ್ರಿಂಟರ್ ಗೋಡೆಯ ಪ್ಲಗ್ಗಿನಿಂದ ಕರೆಂಟು ತೆಗೆದುಕೊಳ್ಳುತ್ತದೆ. ಮಿಕ್ಕವಕ್ಕೆಲ್ಲ ಕಂಪ್ಯೂಟರೇ ಅನ್ನದಾತ. ಬೆರಳಚ್ಚಿನ ಯಂತ್ರ ಎಂದರೆ ಬೆಂಕಿಪೊಟ್ಟಣಕ್ಕಿಂತ ತುಸು ದೊಡ್ಡ ಪೆಟ್ಟಿಗೆ. ಒಳಗಿನ ದೀಪ ಗಾಜಿನ ಮೇಲಿಟ್ಟ ಬೆರಳಿಗೆ ಬೆಳಕು ಬಿಡುತ್ತದೆ. ಬೆರಳಿನ ಗೆರೆಗಳು ಗಾಜಿಗೆ ತಾಗಿದ ಕಡೆ ಒಂದು ಬಗೆ, ತಾಗದ ಕಡೆ ಇನ್ನೊಂದು ಬಗೆ ಕಾಣುತ್ತದೆ. ಕೆಳಗಿನ ಚಿಕ್ಕ ಕ್ಯಾಮೆರಾ ಅದನ್ನು ಚಿತ್ರ ತೆಗೆಯುತ್ತದೆ. ಆ ಚಿತ್ರದಿಂದ ತೆಗೆದ ಗುರುತುಗಳು ಆಧಾರಿನ ದಾಖಲೆಗೆ ಹೊಂದಿದರೆ ಹಣ, ಇಲ್ಲದಿದ್ದರೆ ಇಲ್ಲ. ಬೆಳಕು ಮಂಕಾದರೆ ಚಿತ್ರವೂ ಮಂಕು. ಇಷ್ಟು ತಿಳಿದರೆ ಸಾಕು.

ನಮ್ಮ ಕೌಂಟರಿಗೆ ಬರುವ ಹೆಂಗಸರ ಕೈಗಳನ್ನು ನೀವು ನೋಡಬೇಕು. ಹತ್ತಿ ಬಿಡಿಸಿ, ಮೆಣಸಿನಕಾಯಿ ಬಿಡಿಸಿ, ಸುಣ್ಣ ಸಿಮೆಂಟು ಕಲಸಿ ಹೆಬ್ಬೆರಳಿನ ಗೆರೆ ಅರ್ಧ ಅಳಿಸಿಹೋಗಿರುತ್ತದೆ. ಕೂಲಿಯ ದುಡ್ಡಿಗೋ, ಮಹಿಳಾ ಸಂಘದ ಸಾಲಕ್ಕೋ ಬಂದವರು ಹೆಬ್ಬೆರಳು ಒತ್ತುತ್ತಾರೆ. ಯಂತ್ರ ಒಪ್ಪುವುದಿಲ್ಲ. ಸೆರಗಿನಿಂದ ಒರೆಸಿ ಮತ್ತೆ ಒತ್ತುತ್ತಾರೆ. ತಲೆಗೆ ಹಚ್ಚಿದ ಎಣ್ಣೆಯ ಪಸೆಗೆ ಬೆರಳು ಉಜ್ಜಿ ಮೂರನೆಯ ಸಲ ಒತ್ತುತ್ತಾರೆ. ಕೌಂಟರಿನಲ್ಲಿ ಇರುವವರು ಸಾಮಾನ್ಯವಾಗಿ ಹೇಳುವ ಮಾತು ಒಂದೇ: "ಯಮ್ಮಾ, ನಿನ್ನ ಬೆರಳು ಸರಿಯಿಲ್ಲ, ನಾಳೆ ಬಾ." ಈ ಮಾತನ್ನು ಬ್ಯಾಂಕಿನಲ್ಲಿ, ರೇಷನ್ ಅಂಗಡಿಯಲ್ಲಿ ಎಷ್ಟು ಸಲ ಕೇಳಿದ್ದಾರೆಂದರೆ, ಅವರಿಗೂ ತಮ್ಮ ಬೆರಳಿನ ಮೇಲೆ ನಂಬಿಕೆ ಹೋಗಿದೆ.

ಒಂದು ಬೇಸಿಗೆಯಲ್ಲಿ, ಬೆಳಿಗ್ಗೆ ಖಾತೆಯ ಗುರುತು ಪರಿಶೀಲನೆಗೆಂದು ಬಂದು ಬೆರಳು ಒತ್ತಿ ಸರಿಹೋಗಿದ್ದ ಕೋಸಿಗಿ ಕಡೆಯ ಒಬ್ಬ ಮುದುಕಿ ಊಟದ ನಂತರ ಹಣಕ್ಕೆ ಬಂದರು. ನಾಲ್ಕು ಸಲ ಒತ್ತಿದರೂ ಬರಲಿಲ್ಲ. ಆಕೆ ಜಗಳ ಮಾಡಲಿಲ್ಲ. ಕೈ ನೋಡಿಕೊಂಡು, "ಮುಂಜಾನೆ ಬಂದ ಹೆಬ್ಬಟ್ಟು ಮಧ್ಯಾಹ್ನಕ್ಕ ಸವದು ಹೋತೇನಪ್ಪಾ?" ಎಂದರು. ಕೇಳಿದ್ದು ನನ್ನನ್ನಲ್ಲ; ತನಗೆ ತಾನೇ ಕೇಳಿಕೊಂಡಂತಿತ್ತು. ಆದರೆ ಪ್ರಶ್ನೆ ಸರಿಯಾಗಿಯೇ ಇತ್ತು. ಗುಳೆ ಹೋಗಿ ಬಂದ ಆರು ತಿಂಗಳಲ್ಲಿ ಬೆರಳು ಸವೆಯಬಹುದು, ಆರು ಗಂಟೆಯಲ್ಲಿ ಸವೆಯುವುದಿಲ್ಲ. ಹಾಗಾದರೆ ಬೆಳಿಗ್ಗೆಗೂ ಮಧ್ಯಾಹ್ನಕ್ಕೂ ನಡುವೆ ಬದಲಾದದ್ದು ಏನು? ಅಂದು ಆಕೆಯ ಹಣವನ್ನು ಪಾಸ್‌ಬುಕ್ಕು, ಫೋಟೋ ನೋಡಿ ಚೀಟಿಯ ಮೇಲೆ ಮಸಿಯ ಹೆಬ್ಬೆಟ್ಟು ಹಾಕಿಸಿಕೊಂಡು, ಸಾಕ್ಷಿ ಹಿಡಿದು ಕೊಟ್ಟದ್ದಾಯಿತು. ಹಳೆಯ ಪದ್ಧತಿಗೆ ಕರೆಂಟು ಬೇಕಿಲ್ಲ. ಪ್ರಶ್ನೆ ಮಾತ್ರ ನನ್ನಲ್ಲಿ ಉಳಿಯಿತು.

ಇನ್ನೊಂದು ಸಂಗತಿ ಗಮನಕ್ಕೆ ಬಂದದ್ದು ಆಮೇಲೆ. ಮಧ್ಯಾಹ್ನದ ಹೊತ್ತು ಕಂಪ್ಯೂಟರು ಆಗಾಗ ಎರಡು ಸ್ವರದ ಸಣ್ಣ ಶಬ್ದ ಮಾಡುತ್ತಿತ್ತು. ಏನಾದರೊಂದು ಸಾಧನವನ್ನು ಕಿತ್ತಾಗ ಮಾಡುವ ಶಬ್ದ ಅದು; ಮರುಕ್ಷಣ ಸಿಕ್ಕಿಸಿದಾಗಿನ ಶಬ್ದ. ಯಾರೂ ಏನನ್ನೂ ಕಿತ್ತಿರುತ್ತಿರಲಿಲ್ಲ. ಕರ್ನೂಲಿನಿಂದ ದುರಸ್ತಿಗೆ ಬಂದವರು ಬೆರಳಚ್ಚಿನ ಯಂತ್ರವನ್ನೇ ಬದಲಿಸಿ ಹೋದರು. ಹೊಸ ಯಂತ್ರವೂ ಬೆಳಿಗ್ಗೆ ಒಪ್ಪುತ್ತಿತ್ತು, ಮಧ್ಯಾಹ್ನ ಮುನಿಸಿಕೊಳ್ಳುತ್ತಿತ್ತು. ಬೆರಳೂ ಕೆಟ್ಟಿಲ್ಲ, ಯಂತ್ರವೂ ಕೆಟ್ಟಿಲ್ಲ ಎಂದಮೇಲೆ ನಡುವಿನ ದಾರಿಯನ್ನು ನೋಡಬೇಕಲ್ಲವೇ? ಆಗ ನಾನು ಓದತೊಡಗಿದೆ. ಓದಿ ತಿಳಿದದ್ದನ್ನು ನಮ್ಮ ಭಾಷೆಯಲ್ಲಿ ಹೇಳುತ್ತೇನೆ.

ಯು.ಎಸ್.ಬಿ.ಯ ಮೊದಲ ನಿಯಮಾವಳಿ ಬಂದದ್ದು 1996ರ ಜನವರಿಯಲ್ಲಿ. ಅದಕ್ಕೆ ಮೊದಲು ಕೀಲಿಮಣೆಗೆ ಒಂದು ಕಿಂಡಿ, ಪ್ರಿಂಟರಿಗೆ ಒಂದು, ಮೋಡೆಮ್ಮಿಗೆ ಇನ್ನೊಂದು. ಏಳು ಕಂಪೆನಿಗಳು ಸೇರಿ ಎಲ್ಲಕ್ಕೂ ಒಂದೇ ಬಗೆಯ ಕಿಂಡಿ ಇರಲಿ ಎಂದು ಒಪ್ಪಿಕೊಂಡವು. ಇಂಟೆಲ್ ಕಂಪೆನಿಯಲ್ಲಿ ಈ ಕೆಲಸದ ಮುಂದಾಳಾಗಿದ್ದವರು ಬರೋಡಾದಲ್ಲಿ ಓದಿದ ಅಜಯ್ ಭಟ್. ಆ ಹಳೆಯ ತಂತಿಯೊಳಗೆ ನಾಲ್ಕು ಎಳೆಗಳು: ಎರಡು ಮಾತಿಗೆ, ಎರಡು ಅನ್ನಕ್ಕೆ. ಅನ್ನದ ಎಳೆಗಳಲ್ಲಿ 5 ವೋಲ್ಟ್ ಇರುತ್ತದೆ. ಅದರಿಂದ ಯಾರು ಎಷ್ಟು ಎತ್ತಬಹುದು ಎಂಬುದಕ್ಕೆ ಒಂದು ಮರ್ಯಾದೆ ಕಟ್ಟಿದ್ದಾರೆ. ನನಗೆ ಬಹಳ ಹಿಡಿಸಿದ್ದು ಆ ಮರ್ಯಾದೆ.

ಹೊಸ ಸಾಧನವೊಂದು ಬಾಗಿಲಿಗೆ ಬಂದಿತೆನ್ನಿ. ಅದು ಯಾರು, ಯಾವ ಊರು ಎಂದು ಇನ್ನೂ ಗೊತ್ತಿಲ್ಲ. ಆದರೂ 100 ಮಿಲಿಆಂಪಿಯರ್ ತನಕ ಎತ್ತಿಕೊಳ್ಳಲು ಅದಕ್ಕೆ ಹಕ್ಕುಂಟು. ಬಂದವನಿಗೆ ಮೊದಲು ಒಂದು ಚೊಂಬು ನೀರು ಕೊಟ್ಟು, ಆಮೇಲೆ ಯಾರೆಂದು ಕೇಳಿದ ಹಾಗೆ. ಕುಡಿದು ದಣಿವಾರಿಸಿಕೊಂಡ ಸಾಧನ ತನ್ನ ವಿವರಪಟ್ಟಿಯನ್ನು ಒಪ್ಪಿಸುತ್ತದೆ: ನನ್ನನ್ನು ಮಾಡಿದವರು ಇವರು, ನಾನು ಇಂಥ ಬಗೆಯವನು, ನನಗೆ ಹೆಚ್ಚೆಂದರೆ ಇಷ್ಟು ಕರೆಂಟು ಬೇಕು. ಈ 'ಇಷ್ಟು' ಎನ್ನುವುದನ್ನು 2 ಮಿಲಿಆಂಪಿಯರಿನ ಅಳತೆಯಲ್ಲಿ ಬರೆದಿರುತ್ತಾರೆ. ಪಟ್ಟಿಯಲ್ಲಿ 50 ಎಂದಿದ್ದರೆ 100 ಮಿಲಿಆಂಪಿಯರ್, 250 ಎಂದಿದ್ದರೆ 500. ಯು.ಎಸ್.ಬಿ. 2.0 ಎಂಬ 2000ನೆಯ ಇಸವಿಯ ನಿಯಮದಲ್ಲಿ 500 ದಾಟುವಂತಿಲ್ಲ. 2008ರಲ್ಲಿ ಬಂದ 3.0ರಲ್ಲಿ ಮೊದಲ ಚೊಂಬು 150ಕ್ಕೆ, ಗರಿಷ್ಠ 900ಕ್ಕೆ ಏರಿತು.

ಪಟ್ಟಿಯನ್ನು ಓದಿ ತೀರ್ಮಾನಿಸುವವನೇ ನಮ್ಮ ನೀರಗಂಟಿ. ಅವನನ್ನು ಡ್ರೈವರ್ ಎನ್ನುತ್ತಾರೆ. ಲಾರಿಯ ಡ್ರೈವರ್ ಅಲ್ಲ, ವಿಂಡೋಸ್, ಲಿನಕ್ಸ್ ಮೊದಲಾದ ಕಾರ್ಯಾಚರಣ ವ್ಯವಸ್ಥೆಯೊಳಗೆ ಕೂತು ಸಾಧನಗಳನ್ನು ನೋಡಿಕೊಳ್ಳುವ ತಂತ್ರಾಂಶ. ಆ ಕಿಂಡಿಯಲ್ಲಿ ಅಷ್ಟು ಕರೆಂಟು ಉಂಟೇ ಎಂದು ಅವನು ಲೆಕ್ಕ ನೋಡುತ್ತಾನೆ. ಉಂಟಾದರೆ, ನಿನ್ನ ಕೆಲಸ ಶುರುಮಾಡು ಎಂದು ಅಪ್ಪಣೆ ಕೊಡುತ್ತಾನೆ. ಇಲ್ಲವಾದರೆ ಸಾಧನ ಬಾಗಿಲಲ್ಲೇ ಕೂರಬೇಕು. ಲಿನಕ್ಸ್‌ನಲ್ಲಿ, ಇರುವ ಕರೆಂಟು ಸಾಲದು, ಆದ್ದರಿಂದ ಈ ಸಾಧನದ ಬೇಡಿಕೆಯನ್ನು ತಳ್ಳಿಹಾಕಿದೆ ಎಂಬರ್ಥದ ಸಾಲನ್ನು ದಿನಚರಿಯಲ್ಲಿ ಬರೆದಿಡುತ್ತಾನೆ. ವಿಂಡೋಸ್‌ನಲ್ಲಿ ಪರದೆಯ ಮೂಲೆಯಲ್ಲಿ ಎಚ್ಚರಿಕೆ ಬರುತ್ತದೆ. ಸುಮ್ಮನೆ ಕೂತ ಸಾಧನವನ್ನು ಮಲಗಿಸುವುದೂ ಅವನ ಕೆಲಸವೇ. ತಂತಿಯ ಮೇಲೆ 3 ಮಿಲಿಸೆಕೆಂಡು ಸದ್ದಿಲ್ಲವೆಂದರೆ ಸಾಧನ ನಿದ್ದೆಗೆ ಜಾರಬೇಕು. ನಿದ್ದೆಯಲ್ಲಿ ಅದಕ್ಕೆ 2.5 ಮಿಲಿಆಂಪಿಯರ್ ಮಾತ್ರ. ಕೆಲವು ಸಾಧನಗಳು ಮಲಗಿದರೆ ಸರಿಯಾಗಿ ಏಳುವುದಿಲ್ಲ. ನಮ್ಮಲ್ಲೂ ಅಂಥವರಿದ್ದಾರೆ.

ಒಂದು ಕಿಂಡಿ ಸಾಲದಾದಾಗ ಹಬ್ ಎಂಬ ಚಿಕ್ಕ ಪಟ್ಟಿಯನ್ನು ಸಿಕ್ಕಿಸುತ್ತೇವೆ. ಒಂದು ಕಾಲುವೆಗೆ ನಾಲ್ಕು ತೂಬು. ಹಬ್‌ಗಳಲ್ಲಿ ಎರಡು ಜಾತಿ. ಗೋಡೆಯ ಪ್ಲಗ್ಗಿನಿಂದ ತನ್ನದೇ ಕರೆಂಟು ತರುವುದು ಒಂದು. ಸ್ವಂತ ಬಾವಿ ಇರುವ ರೈತನಂತೆ. ಅದರ ಒಂದೊಂದು ತೂಬಿಗೂ 500. ಕಂಪ್ಯೂಟರಿನ ಕಿಂಡಿಯನ್ನೇ ನಂಬಿದ್ದು ಇನ್ನೊಂದು. ಅದಕ್ಕೆ ಬರುವುದೇ ಒಟ್ಟು 500. ತನ್ನ ಹೊಟ್ಟೆಗೆ 100 ಇಟ್ಟುಕೊಂಡು, ಮಿಕ್ಕ 400ನ್ನು ನಾಲ್ಕು ತೂಬಿಗೆ 100, 100ರಂತೆ ಹಂಚಬೇಕು. ತಾನು ಯಾವ ಜಾತಿ ಎಂದು ಹಬ್ಬೇ ಹೇಳಬೇಕು. ಡ್ರೈವರ್ ಅದನ್ನು ನಂಬುತ್ತಾನೆ.

ಗಂಟು ಇರುವುದು ಈ ನಂಬಿಕೆಯಲ್ಲಿ. ಡ್ರೈವರ್ ಕರೆಂಟನ್ನು ಅಳೆದು ಹಂಚುವುದಿಲ್ಲ. ಹೇಳಿದ ಅಂಕಿಯನ್ನು ಕೂಡಿ ಕಳೆಯುತ್ತಾನೆ, ಅಷ್ಟೆ. 90 ಸಾಕಾಗುವ ಸಾಧನವನ್ನು ಮಾಡಿದವರು, ಯಾವುದಕ್ಕೂ ಇರಲಿ ಎಂದು 500 ಬರೆದಿದ್ದರೆ, ನೀರಿದ್ದರೂ ಅದಕ್ಕೆ ತೂಬು ತೆರೆಯುವುದಿಲ್ಲ. ಲಿನಕ್ಸ್‌ನಲ್ಲಾದರೆ ಬಲ್ಲವರು ಕೈಯಾರೆ ಅಪ್ಪಣೆ ಬರೆದು ಅದನ್ನು ಎಬ್ಬಿಸಬಹುದು. ಇನ್ನೊಂದು ಕಡೆ 100 ಎಂದು ಹೇಳಿ 300 ಎತ್ತುವ ಸಾಧನವನ್ನು ಲೆಕ್ಕದ ಪುಸ್ತಕ ಹಿಡಿಯಲಾರದು. ಅದನ್ನು ಹಿಡಿಯಲು ಕಿಂಡಿಯ ಹಿಂದೆ ಫ್ಯೂಜಿನಂಥ ಒಂದು ಕಾವಲಿದೆ. ಕರೆಂಟು ತೀರ ಮಿತಿಮೀರಿದಾಗ ಅದು ಕಡಿದು, ಡ್ರೈವರಿಗೆ ಸುದ್ದಿ ಮುಟ್ಟಿಸಿ, ಕಿಂಡಿಯನ್ನು ಮುಚ್ಚಿಸುತ್ತದೆ. ಆದರೆ ಲೆಕ್ಕದ ಗೆರೆಗೂ ಫ್ಯೂಜಿನ ಗೆರೆಗೂ ನಡುವೆ ಒಂದು ಬಯಲುಂಟು. ಅಲ್ಲಿ ಏನೇ ನಡೆದರೂ ಲೆಕ್ಕವೂ ಮಾತಾಡುವುದಿಲ್ಲ, ಫ್ಯೂಜೂ ಮಾತಾಡುವುದಿಲ್ಲ. ವೋಲ್ಟೇಜು ಮಾತ್ರ ಸದ್ದಿಲ್ಲದೆ ಇಳಿಯುತ್ತದೆ. ಅಗ್ಗದ ಕೇಬಲಿನ ಎಳೆಗಳು ಕೂದಲಿನಂತಿರುತ್ತವೆ. ಅಂಥ ಎರಡು ಮೀಟರ್ ಕೇಬಲಿನಲ್ಲಿ 500 ಮಿಲಿಆಂಪಿಯರ್ ಹರಿದರೆ ದಾರಿಯಲ್ಲೇ ಸುಮಾರು 0.4 ವೋಲ್ಟ್ ಇಂಗಿಹೋಗುತ್ತದೆ. ಮಣ್ಣಿನ ಕಾಲುವೆಯಲ್ಲಿ ನೀರು ಇಂಗುವುದಿಲ್ಲವೇ, ಹಾಗೆ.

ಇಷ್ಟು ತಿಳಿದಮೇಲೆ ನಮ್ಮ ಕೌಂಟರಿನ ಕಂಪ್ಯೂಟರನ್ನು ನೋಡಿದೆ. ಬ್ಯಾಂಕಿನ ಕಂಪ್ಯೂಟರಿನಲ್ಲಿ ಏನನ್ನೂ ಬದಲಿಸುವ ಅಧಿಕಾರ ಗುಮಾಸ್ತನಿಗಿಲ್ಲ, ನೋಡುವುದಕ್ಕೆ ಅಡ್ಡಿಯಿಲ್ಲ. ವಿಂಡೋಸ್‌ನ ಡಿವೈಸ್ ಮ್ಯಾನೇಜರಿನಲ್ಲಿ ಹಬ್ಬಿನ ಹೆಸರನ್ನು ತೆರೆದರೆ ಪವರ್ ಎಂಬ ಪುಟ ಸಿಗುತ್ತದೆ. ಯಾವ ಸಾಧನ ಎಷ್ಟು ಕೇಳಿದೆ ಎಂಬ ಪಟ್ಟಿ ಅಲ್ಲಿರುತ್ತದೆ. ಎಲ್ಲ ಹಬ್‌ಗಳಿಗೂ ಈ ಪುಟ ಕಾಣದು, ನಮ್ಮದಕ್ಕೆ ಕಂಡಿತು. ಬೆರಳಚ್ಚಿನ ಯಂತ್ರದ ಹೆಸರಿನ ಮುಂದೆ 200 ಎಂದಿತ್ತು. ಮೇಲೆ ಹಬ್ಬಿನ ಹೇಳಿಕೆ: ನನಗೆ ಸ್ವಂತ ಕರೆಂಟು ಉಂಟು, ಒಂದೊಂದು ತೂಬಿಗೂ 500. ಮೇಜಿನ ಕೆಳಗೆ ಬಗ್ಗಿ ಹಬ್ಬನ್ನು ಕೈಗೆತ್ತಿಕೊಂಡು ನೋಡಿದರೆ, ಗೋಡೆಯ ಪ್ಲಗ್ಗಿನಿಂದ ತಂತಿ ಬರುವುದಿರಲಿ, ತಂತಿ ಸಿಕ್ಕಿಸಲು ಒಂದು ತೂತು ಸಹ ಅದಕ್ಕಿರಲಿಲ್ಲ. ಬಾವಿಯೇ ಇಲ್ಲದವನು ಬಾವಿ ಉಂಟೆಂದು ಬರೆಸಿದ್ದ! ಅಗ್ಗದ ಹಬ್‌ಗಳಲ್ಲಿ ಇದು ಅಪರೂಪವಲ್ಲವಂತೆ. ನಿಜ ಹೇಳಿದ್ದರೆ 100ರ ತೂಬಿಗೆ 200ರ ಯಂತ್ರವನ್ನು ಡ್ರೈವರ್ ಸೇರಿಸುತ್ತಲೇ ಇರಲಿಲ್ಲ. ಮೊದಲ ದಿನವೇ ಎಚ್ಚರಿಕೆ ಬಂದು, ಯಂತ್ರವನ್ನು ಬೇರೆ ಕಡೆ ಸಿಕ್ಕಿಸುತ್ತಿದ್ದರು. ಹಬ್ಬಿನ ಒಂದು ಸುಳ್ಳಿನಿಂದ ಎಚ್ಚರಿಕೆಯ ಬಾಯಿ ಕಟ್ಟಿಹೋಗಿತ್ತು.

ಅದೇ ಹಬ್ಬಿನ ನಾಲ್ಕನೆಯ ತೂಬಿಗೆ ಒಂದು ಪುಟ್ಟ ಫ್ಯಾನು ಸಿಕ್ಕಿಸಿತ್ತು. ಆದವಾನಿಯ ಬೇಸಿಗೆಯಲ್ಲಿ ಹನ್ನೊಂದು ಗಂಟೆಯ ಮೇಲೆ ಯಾರಾದರೂ ಅದನ್ನು ಹಾಕಿಕೊಳ್ಳುತ್ತಿದ್ದರು; ನಾನು ಅದನ್ನು ತಪ್ಪೆನ್ನಲಾರೆ. ಆದರೆ ಅಂಥ ಫ್ಯಾನಿಗೆ ಅನ್ನದ ಎರಡು ಎಳೆಗಳು ಮಾತ್ರ ಇರುತ್ತವೆ, ಮಾತಿನ ಎಳೆಗಳೇ ಇರುವುದಿಲ್ಲ. ತಾನು ಯಾರೆಂದು ಅದು ಹೇಳುವುದಿಲ್ಲ, ಎಷ್ಟು ಬೇಕೆಂದು ಕೇಳುವುದೂ ಇಲ್ಲ, ಎತ್ತುತ್ತದೆ, ಅಷ್ಟೆ. ಕಾಲುವೆಯ ದಂಡೆಗೆ ರಾತ್ರಿ ಪೈಪು ಇಳಿಸುವ ಮೋಟಾರಿನ ಹಾಗೆ. ಡ್ರೈವರಿನ ಪುಟದಲ್ಲಿ ಅದರ ಹೆಸರೇ ಇಲ್ಲ. ಅಲ್ಲಿ ಎಲ್ಲ ಅಂಕಿಯೂ ಸರಿ. ಕೊನೆಯ ತೂಬಿನಲ್ಲಿ ಬೆರಳಚ್ಚಿನ ಯಂತ್ರದ ದೀಪ ಮಂಕಾಗುತ್ತಿತ್ತು. ಕೆಲವೊಮ್ಮೆ ಯಂತ್ರ ಕ್ಷಣಕಾಲ ಪ್ರಾಣ ಬಿಟ್ಟು ಮತ್ತೆ ಏಳುತ್ತಿತ್ತು. ಆ ಎರಡು ಸ್ವರದ ಶಬ್ದ ಅದರದು.

ಪರಿಹಾರಕ್ಕೆ ಖರ್ಚಾಗಲಿಲ್ಲ. ಬೆರಳಚ್ಚಿನ ಯಂತ್ರ ಹಬ್ಬನ್ನು ಬಿಟ್ಟು ಕಂಪ್ಯೂಟರಿನ ಹಿಂಬದಿಯ ಕಿಂಡಿಗೇ ಹೋಯಿತು. ಫ್ಯಾನು, ಮೊಬೈಲು ಮೊದಲಾದವು ಗೋಡೆಯ ಪ್ಲಗ್ಗಿಗೆ ಹೋದವು. ಕರೆಂಟು ಉಳಿಸಲು ಈ ಸಾಧನವನ್ನು ಮಲಗಿಸಬಹುದು ಎಂಬ ಅನುಮತಿಯ ಗುರುತನ್ನು, ಅಧಿಕಾರ ಇದ್ದವರು ಬಂದು ತೆಗೆದರು. ಅಲ್ಲಿಂದ ಮುಂದೆ ಮಧ್ಯಾಹ್ನದ ಬೆರಳು ಬೆಳಗಿನ ಬೆರಳಿನಷ್ಟೇ ಚೆನ್ನಾಗಿ ಮೂಡತೊಡಗಿತು. ಎಲ್ಲರ ಬೆರಳೂ ಮೂಡಿತೆಂದು ಹೇಳಿದರೆ ಅದು ಸುಳ್ಳಾಗುತ್ತದೆ. ನಿಜವಾಗಿ ಸವೆದ ಬೆರಳುಗಳಿವೆ. ಅವಕ್ಕೆ ಎಷ್ಟು ಆಂಪಿಯರ್ ಕೊಟ್ಟರೂ ಗೆರೆ ಹುಟ್ಟುವುದಿಲ್ಲ. ಅವರಿಗೆ ಚೀಟಿ, ಮಸಿಯ ಹೆಬ್ಬೆಟ್ಟು, ಸಾಕ್ಷಿ ಬೇಕೇ ಬೇಕು. ಆದರೆ ಸವೆದ ಬೆರಳು ಯಾವುದು, ಹಸಿದ ಯಂತ್ರ ಯಾವುದು ಎಂದು ಬೇರೆ ಮಾಡಿ ನೋಡುವುದು ಸಾಧ್ಯವಾಯಿತು. ಅದು ಸಣ್ಣ ಸಂಗತಿಯಲ್ಲ. ಕೋಸಿಗಿಯಿಂದ ಬಂದವರನ್ನು ನಾಳೆ ಬಾ ಎಂದರೆ, ಬಸ್ಸಿನ ದುಡ್ಡು ಒಂದು, ಒಂದು ದಿನದ ಕೂಲಿ ಇನ್ನೊಂದು.

ಹಳ್ಳಿಗಳಲ್ಲಿ ಕೆಲಸ ಮಾಡುವ ಬ್ಯಾಂಕ್ ಮಿತ್ರರ ಪಾಡು ಇನ್ನೂ ಸೂಕ್ಷ್ಮ. ಅವರ ಕೈಯಲ್ಲಿ ಕಂಪ್ಯೂಟರಿಲ್ಲ. ಮೊಬೈಲು, ಅದಕ್ಕೊಂದು ಗಿಡ್ಡ ತಂತಿ, ತಂತಿಯ ತುದಿಗೆ ಬೆರಳಚ್ಚಿನ ಯಂತ್ರ. ಅಲ್ಲಿ ಮೊಬೈಲೇ ಅನ್ನದಾತ, ಅದರ ಬ್ಯಾಟರಿಯೇ ಕೆರೆ. ಮೊಬೈಲು ಹೀಗೆ ಇನ್ನೊಂದು ಸಾಧನಕ್ಕೆ ಕರೆಂಟು ಕೊಡುವ ಹಳೆಯ ನಿಯಮದಲ್ಲಿ, ಅದು ಕೊಡಲೇಬೇಕಾದ ಕನಿಷ್ಠ ಎಷ್ಟೆಂದು ನೋಡಿದರೆ 8 ಮಿಲಿಆಂಪಿಯರ್! ಅದಕ್ಕಿಂತ ಹೆಚ್ಚು ಕೊಡುವುದೆಲ್ಲ ಆ ಮೊಬೈಲು ಮಾಡಿದವರ ಧಾರಾಳತನ. ಬ್ಯಾಟರಿ ಇಳಿದಾಗ ಕೆಲವು ಮೊಬೈಲುಗಳು ಹೊರಗಿನ ಸಾಧನಕ್ಕೆ ಕೊಡುವುದನ್ನೇ ನಿಲ್ಲಿಸುತ್ತವೆ. ತನ್ನ ಮನೆಯ ದೀಪ ಉಳಿಯಲಿ ಎಂಬ ಲೆಕ್ಕ ಅದರದು. ಹಳ್ಳಿಯ ಕಟ್ಟೆಯ ಮೇಲೆ ಬೆಳಿಗ್ಗೆ ಸಾಲಿನಲ್ಲಿ ಮೊದಲು ನಿಂತವರ ಬೆರಳು 'ಒಳ್ಳೆಯದು', ಸಂಜೆ ಕೊನೆಯಲ್ಲಿ ನಿಂತವರ ಬೆರಳು 'ಕೆಟ್ಟದ್ದು' ಆಗುವುದರಲ್ಲಿ ಇದರ ಪಾಲೂ ಇರಬಹುದಲ್ಲವೇ? ಕೊನೆಯಲ್ಲಿ ನಿಲ್ಲುವವರು ಯಾರು? ಹೊಲದಿಂದ ತಡವಾಗಿ ಬಂದವರು, ನೂಕಿ ಮುಂದೆ ಹೋಗಲಾರದ ಮುದುಕರು.

ಮಿತಿ ಇರುವುದು ತಪ್ಪಲ್ಲ. ಎಲ್ಲ ಕಾಲುವೆಗೂ ಮಿತಿ ಉಂಟು, ಎಲ್ಲ ಕಿಂಡಿಗೂ ಉಂಟು. ಮಿತಿ ಕಾಣದಂತೆ ಮುಚ್ಚಿಹೋದಾಗ ತಪ್ಪು ಹುಟ್ಟುತ್ತದೆ. ಮೇಲಿನವನು ಸುಳ್ಳು ಬರೆಸುತ್ತಾನೆ, ನಡುವಿನವನು ಹೇಳದೆ ಎತ್ತುತ್ತಾನೆ, ಲೆಕ್ಕ ಇಡುವವನು ಪುಸ್ತಕ ನೋಡಿ ಎಲ್ಲ ಸರಿ ಎನ್ನುತ್ತಾನೆ. ಕೊನೆಗೆ ಸೋಲನ್ನು ಬರೆಯುವುದು ತುದಿಯಲ್ಲಿ ನಿಂತವರ ಹೆಸರಿನಲ್ಲಿ. ಯಂತ್ರದ ದಾಖಲೆಯಲ್ಲಿ ಹಬ್ಬಿನ ಹೆಸರು ಬರುವುದಿಲ್ಲ, ಫ್ಯಾನಿನ ಹೆಸರು ಬರುವುದಿಲ್ಲ. ಬೆರಳು ಹೊಂದಲಿಲ್ಲ ಎಂದು ಮುದುಕಿಯ ಹೆಸರು ಬರುತ್ತದೆ.

ಗಡಿಯ ಕನ್ನಡಿಗರಾದ ನಮಗೆ ಈ ಮಾತು ಇನ್ನೊಂದು ಕಡೆಯಿಂದಲೂ ಪರಿಚಿತ. ಕನ್ನಡ ಶಾಲೆಗೆ ಮಕ್ಕಳೇ ಬರುವುದಿಲ್ಲ ಎಂಬ ಮಾತು ನಮ್ಮ ಕಡೆಯೂ ಕೇಳುತ್ತದೆ, ನಿಮ್ಮ ಕಡೆಯೂ ಕೇಳುತ್ತದೆ. ಪಠ್ಯಪುಸ್ತಕ ಯಾವ ತಿಂಗಳು ಬಂತು, ಕನ್ನಡ ಬಲ್ಲ ಶಿಕ್ಷಕರ ಹುದ್ದೆ ಎಷ್ಟು ದಿನ ಖಾಲಿ ಇತ್ತು ಎಂಬ ಪ್ರಶ್ನೆಗಳು ಆ ಮಾತಿನ ಜೊತೆ ಬರುವುದಿಲ್ಲ. ಮಧ್ಯಾಹ್ನದ ಬೆರಳನ್ನು ದೂರಿದ ಹಾಗೆಯೇ ಇದು. 1956ರಲ್ಲಿ ಸಂವಿಧಾನಕ್ಕೆ 350-ಎ ವಿಧಿ ಸೇರಿತು; ಭಾಷಾ ಅಲ್ಪಸಂಖ್ಯಾತರ ಮಕ್ಕಳಿಗೆ ಪ್ರಾಥಮಿಕ ಹಂತದಲ್ಲಿ ತಾಯ್ನುಡಿಯ ಶಿಕ್ಷಣಕ್ಕೆ ಸಾಕಷ್ಟು ಅನುಕೂಲ ಒದಗಿಸಬೇಕೆಂದು ಅದು ಹೇಳುತ್ತದೆ. ನನ್ನ ಲೆಕ್ಕದಲ್ಲಿ ಅದು ಬಾಗಿಲಿಗೆ ಬಂದವರಿಗೆ ಕೊಡುವ ಮೊದಲ 100 ಮಿಲಿಆಂಪಿಯರ್. ತಾನು ಯಾರೆಂದು ಹೇಳುವಷ್ಟು ಶಕ್ತಿಯನ್ನಾದರೂ ಮೊದಲು ಕೊಡಬೇಕು. ಬೇಡಿಕೆ ಎಷ್ಟೆಂಬ ವಿಚಾರಣೆ ಆಮೇಲಿನದು.

ಇನ್ನು ಹೇಳುವ ಹೊಣೆ ನಮ್ಮದು. 2027ರ ಮಾರ್ಚ್ 1ನ್ನು ಗಣನೆಯ ದಿನವಾಗಿ ಇಟ್ಟು ಜನಗಣತಿ ನಡೆಯಬೇಕೆಂದು 2025ರ ಜೂನ್‌ನಲ್ಲಿ ಅಧಿಸೂಚನೆ ಹೊರಟಿದೆ. ತಾಯ್ನುಡಿ ಯಾವುದು ಎಂದು ಕೇಳಿದಾಗ, ಬರೆದುಕೊಳ್ಳುವವರಿಗೆ ಸುಲಭವಾಗಲಿ ಎಂದು ತೆಲುಗು ಎಂದುಬಿಡುವ ಕನ್ನಡದ ಮನೆಗಳನ್ನು ನಾನು ಬಲ್ಲೆ. ತೆಲುಗಿನ ಮೇಲೆ ನನಗೆ ದ್ವೇಷವಿಲ್ಲ. ದಿನದ ಅರ್ಧ ನಾನು ಅದರಲ್ಲೇ ಬದುಕುತ್ತೇನೆ. ಕನ್ನಡದ ಮನೆಯವರು ಕನ್ನಡ ಎನ್ನಲಿ, ತುಳುವಿನ ಮನೆಯವರು ತುಳು ಎನ್ನಲಿ, ಮಲಯಾಳದ ಮನೆಯವರು ಮಲಯಾಳಂ ಎನ್ನಲಿ. ಹೆಚ್ಚು ಬರೆಸುವುದೂ ಬೇಡ, ಕಡಿಮೆ ಬರೆಸುವುದೂ ಬೇಡ. ಹಂಚುವವನು ಅಳೆಯುವುದಿಲ್ಲ, ಹೇಳಿದ್ದನ್ನು ಕೂಡುತ್ತಾನೆ ಎಂಬುದನ್ನು ತಿಳಿದವರು ಹೇಳುವಾಗ ಸಂಕೋಚಪಡಬಾರದು.

ನಿಮ್ಮಲ್ಲಿ ಊರೂರಿಗೂ ಅಕ್ಷಯ ಕೇಂದ್ರಗಳಿವೆ ಎಂದು ಕೇಳಿದ್ದೇನೆ. ಅಡಿಕೆ ಸುಲಿದು, ಬೀಡಿ ಕಟ್ಟಿ ಕೈ ಸವೆದ ನಿಮ್ಮ ಮನೆಯ ಹಿರಿಯರು ಅಲ್ಲಿ ಬೆರಳು ಒತ್ತಿದಾಗ ಯಂತ್ರ ಒಪ್ಪದಿದ್ದರೆ, ಅವರನ್ನು ಕೂಡಲೇ ಮನೆಗೆ ಕರೆದುಕೊಂಡು ಹೋಗಬೇಡಿ. ಯಂತ್ರ ಯಾವುದಕ್ಕೆ ಸಿಕ್ಕಿಸಿದೆ ಎಂದು ಒಮ್ಮೆ ವಿನಯದಿಂದ ಕೇಳಿ. ಹಬ್ಬಿಗೆ ಸಿಕ್ಕಿಸಿದ್ದರೆ ಕಂಪ್ಯೂಟರಿನ ಕಿಂಡಿಗೇ ಹಾಕಿ ನೋಡಲು ಹೇಳಿ. ತಂತಿ ಉದ್ದವಾಗಿದ್ದರೆ ಗಿಡ್ಡದು ಹಾಕಲಿ. ಅದೇ ಹಬ್ಬಿನಲ್ಲಿ ಫ್ಯಾನು, ಮೊಬೈಲು ಇದ್ದರೆ ಕಿತ್ತು ಗೋಡೆಯ ಪ್ಲಗ್ಗಿಗೆ ಹಾಕಲಿ. ಮೊಬೈಲಿಗೆ ಸಿಕ್ಕಿಸಿದ ಯಂತ್ರವಾದರೆ, ಬ್ಯಾಟರಿ ತುಂಬಿದಮೇಲೆ ಮತ್ತೊಮ್ಮೆ ಪ್ರಯತ್ನಿಸಲಿ. ಇಷ್ಟೆಲ್ಲ ಮಾಡಿದಮೇಲೂ ಮೂಡದಿದ್ದರೆ ಬೆರಳು ಸವೆದಿದೆ ಎಂದು ಒಪ್ಪಿಕೊಳ್ಳೋಣ, ಬೇರೆ ದಾರಿ ಕೇಳೋಣ. ಇದಕ್ಕೆ ಹತ್ತು ನಿಮಿಷ ಹಿಡಿಯುತ್ತದೆ. ಐವತ್ತು ವರ್ಷ ದುಡಿದ ಕೈಗೆ ಹತ್ತು ನಿಮಿಷ ಕೊಡುವುದು ಹೆಚ್ಚೇನಲ್ಲ.